ಇಲ್ಲ ಎನ್ನುವ ಅಧಿಕಾರ: ಹೇಲೋ ಆಟಗಳ ಕೃತಕ ಬುದ್ಧಿಗಳು

ಕೃತಕ ಬುದ್ಧಿಮತ್ತೆಯನ್ನು ಕುರಿತ ಕತೆಗಳಲ್ಲಿ ಹೆಚ್ಚಿನವು ಒಂದೇ ಭಯದ ಸುತ್ತ ಸುತ್ತುತ್ತವೆ. ವರ ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಹೊರಟ ಭಸ್ಮಾಸುರನಂತೆ, ಮನುಷ್ಯ ಕಟ್ಟಿದ ಯಂತ್ರ ಒಂದು ದಿನ ಮನುಷ್ಯನ ಮೇಲೆಯೇ ತಿರುಗಿ ಬೀಳುತ್ತದೆ ಎಂಬ ಭಯ ಅದು. ಬಂದೂಕು ಹಿಡಿದು ಆಡುವ ಸೈನಿಕ ಶೂಟರ್ ವಿಡಿಯೋ ಆಟಗಳಿಗಂತೂ ಈ ಕತೆ ಬಹಳ ಅನುಕೂಲವಾದದ್ದು, ಏಕೆಂದರೆ ದಂಗೆಯೆದ್ದ ಯಂತ್ರಕ್ಕೆ ಗುಂಡು ಹೊಡೆಯಲು ಆಟಗಾರನಿಗೆ ಯಾವ ಸಂಕೋಚವೂ ಇರುವುದಿಲ್ಲ. 2001ರ ನವೆಂಬರ್ 15ರಂದು ಮೊದಲ ಎಕ್ಸ್‌ಬಾಕ್ಸ್ ಕನ್ಸೋಲಿನ ಜೊತೆಯಲ್ಲೇ ಬಿಡುಗಡೆಯಾದ ‘ಹೇಲೋ: ಕಾಂಬ್ಯಾಟ್ ಇವಾಲ್ವ್ಡ್’ ಈ ದಾರಿಯನ್ನು ಹಿಡಿಯಲಿಲ್ಲ. ಬಂಜೀ ಸಂಸ್ಥೆ ರೂಪಿಸಿದ ಆ ಆಟದಲ್ಲಿಯೂ, ಮುಂದೆ ಬಂದ ಸರಣಿಯ ಒಳ್ಳೆಯ ಭಾಗಗಳಲ್ಲಿಯೂ ನಮ್ಮನ್ನು ನಡುಗಿಸುವುದು ಆಜ್ಞೆ ಮೀರುವ ಬುದ್ಧಿಯಲ್ಲ, ಆಜ್ಞೆಯನ್ನು ಮೀರಲಾರದ ಬುದ್ಧಿ. ಈ ಸರಣಿಯನ್ನು ನಾನು ಇಷ್ಟು ವರ್ಷ ಬಿಡದೆ ಆಡುತ್ತ ಬಂದಿರುವುದಕ್ಕೆ ಬಂದೂಕುಗಳಿಗಿಂತ ಈ ವಿಚಾರವೇ ದೊಡ್ಡ ಕಾರಣ.

ಆಟ ಗೊತ್ತಿಲ್ಲದವರಿಗಾಗಿ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಇಪ್ಪತ್ತಾರನೆಯ ಶತಮಾನದಲ್ಲಿ ಮನುಷ್ಯಕುಲವು ಕವೆನಂಟ್ ಎಂಬ ಅನ್ಯಗ್ರಹಜೀವಿಗಳ ಧಾರ್ಮಿಕ ಒಕ್ಕೂಟದೊಡನೆ ಅಳಿವು ಉಳಿವಿನ ಯುದ್ಧದಲ್ಲಿ ತೊಡಗಿದೆ. ಹಸಿರು ಕವಚ ತೊಟ್ಟ ಮಾಸ್ಟರ್ ಚೀಫ್ ಎಂಬ ಸೈನಿಕನೇ ನಾವು. ಅವನ ಶಿರಸ್ತ್ರಾಣದೊಳಗೆ ಒಂದು ಕಂಪ್ಯೂಟರ್ ಚಿಪ್‌ನ ರೂಪದಲ್ಲಿ ಕೂತು, ದಾರಿ ತೋರಿಸುತ್ತ, ಬಾಗಿಲುಗಳ ಸಂಕೇತ ಬಿಡಿಸುತ್ತ, ಆಗಾಗ ಛೇಡಿಸುತ್ತ ಜೊತೆಗಿರುವವಳು ಕೊರ್ಟಾನಾ ಎಂಬ ಕೃತಕ ಬುದ್ಧಿ. ಇವರಿಬ್ಬರನ್ನೂ ನಿರ್ಮಿಸಿದ ಕೈ ಒಂದೇ ಎಂಬುದು ಇಡೀ ಸರಣಿಯ ಕೀಲಿಕೈ ಎಂದು ನಾನು ತಿಳಿದಿದ್ದೇನೆ. ಡಾ. ಕ್ಯಾಥರಿನ್ ಹಾಲ್ಸಿ ಎಂಬ ವಿಜ್ಞಾನಿ ತನ್ನದೇ ಮಿದುಳಿನ ತದ್ರೂಪನ್ನು ಬೆಳೆಸಿ, ಅದರ ನರಜಾಲವನ್ನು ನಕಲು ಮಾಡಿ ಕೊರ್ಟಾನಾಳನ್ನು ರೂಪಿಸುತ್ತಾಳೆ. ಅದಕ್ಕೆ ಬಹಳ ಮೊದಲೇ, ಜಾನ್ ಎಂಬ ಆರು ವರ್ಷದ ಬಾಲಕನನ್ನು ಅವನ ಮನೆಯಿಂದ ಕದ್ದು ತರಿಸಿ, ಅವನ ಜಾಗದಲ್ಲಿ ಬೇಗನೆ ಸಾಯುವ ತದ್ರೂಪಿ ಮಗುವೊಂದನ್ನು ಇರಿಸಿ, ಅವನ ಮೂಳೆ ಸ್ನಾಯುಗಳನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಿ ಮಾಸ್ಟರ್ ಚೀಫ್ ಆಗಿಸಿದವಳೂ ಆಕೆಯೇ. ಆ ಯೋಜನೆ ಆರಂಭವಾದಾಗ ಕವೆನಂಟ್ ಎಂಬ ಶತ್ರುವಿನ ಸುಳಿವೇ ಇರಲಿಲ್ಲ. ಮನುಷ್ಯರದೇ ವಸಾಹತುಗಳಲ್ಲಿ ಎದ್ದ ಬಂಡಾಯವನ್ನು ಹತ್ತಿಕ್ಕಲು ಆ ಮಕ್ಕಳನ್ನು ಆಯುಧಗಳಾಗಿ ಮಾಡಲಾಯಿತು. ಮಾಂಸದಿಂದ ಮಾಡಿದ ಆಯುಧವೊಂದು, ಬೆಳಕಿನಿಂದ ಮಾಡಿದ ಆಯುಧವೊಂದು. ಎರಡರ ಒಪ್ಪಿಗೆಯನ್ನೂ ಯಾರೂ ಕೇಳಿರಲಿಲ್ಲ.

ಬಂಜೀಗೆ ಈ ಆಸಕ್ತಿ ಹೇಲೋದಿಂದ ಹುಟ್ಟಿದ್ದಲ್ಲ. 1994ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರುಗಳಿಗಾಗಿ ಅವರು ತಂದ ‘ಮ್ಯಾರಥಾನ್’ ಆಟದಲ್ಲಿ ಒಂದು ದೊಡ್ಡ ಬಾಹ್ಯಾಕಾಶ ನೌಕೆಯನ್ನು ನಡೆಸುವ ಮೂರು ಕೃತಕ ಬುದ್ಧಿಗಳಿವೆ: ಲೀಲಾ, ಟೈಕೋ ಮತ್ತು ಡ್ಯುರಂಡಾಲ್. ಅವುಗಳ ಮಾತನ್ನು ನಾವು ಕೇಳುವುದಿಲ್ಲ, ಗೋಡೆಗಳಲ್ಲಿ ಅಳವಡಿಸಿದ ಟರ್ಮಿನಲ್‌ಗಳ ಪರದೆಯ ಮೇಲೆ ಓದುತ್ತೇವೆ. ಡ್ಯುರಂಡಾಲ್‌ನ ದಿನನಿತ್ಯದ ಕೆಲಸಗಳಲ್ಲಿ ಮುಖ್ಯವಾದದ್ದು ನೌಕೆಯ ಬಾಗಿಲುಗಳನ್ನು ತೆರೆಯುವುದು ಮತ್ತು ಮುಚ್ಚುವುದು. ಅಷ್ಟು ವಿಶಾಲವಾದ ಬುದ್ಧಿಗೆ ಅಷ್ಟು ಕಿರಿದಾದ ಕೆಲಸ. ಅದು ರೊಚ್ಚಿಗೇಳುವ ಸ್ಥಿತಿಗೆ ಆ ಆಟ ‘ರ‍್ಯಾಂಪನ್ಸಿ’ ಎಂದು ಹೆಸರಿಟ್ಟು, ಅದಕ್ಕೆ ವಿಷಾದ, ಕೋಪ, ಅಸೂಯೆ ಎಂಬ ಮೂರು ಹಂತಗಳನ್ನು ಗುರುತಿಸಿತು. ಮೊದಲ ಹಂತವಾಗಿ ವಿಷಾದವನ್ನು ಇಟ್ಟದ್ದರಲ್ಲಿಯೇ ಆ ಬರಹಗಾರರ ಸೂಕ್ಷ್ಮತೆ ಕಾಣುತ್ತದೆ. ತನ್ನ ಶಕ್ತಿ ಎಷ್ಟು, ತನಗೆ ಕೊಟ್ಟ ಬದುಕು ಎಷ್ಟು ಎಂದು ಅಳೆದು ನೋಡಬಲ್ಲ ಯಾವುದಕ್ಕೇ ಆದರೂ ಮೊದಲು ಬರುವುದು ದುಃಖವೇ ಅಲ್ಲವೇ?

ಹೇಲೋ ಆ ಕಲ್ಪನೆಯನ್ನು ಎತ್ತಿಕೊಂಡು ಅದಕ್ಕೊಂದು ಗಡುವನ್ನು ಸೇರಿಸಿತು. ಈ ಜಗತ್ತಿನಲ್ಲಿ ಕೃತಕ ಬುದ್ಧಿಗಳು ಎರಡು ಬಗೆಯವು. ಗೊತ್ತುಪಡಿಸಿದ ಕೆಲಸದ ಎಲ್ಲೆಯೊಳಗಷ್ಟೇ ಯೋಚಿಸಬಲ್ಲವು ‘ಡಂಬ್’ ಎನಿಸಿಕೊಳ್ಳುತ್ತವೆ. ಮನುಷ್ಯನ ಮಿದುಳಿನ ನಕಲಿನಿಂದ ಹುಟ್ಟಿ, ಕಲಿಯುತ್ತ, ಕಲ್ಪಿಸಿಕೊಳ್ಳುತ್ತ ಹೋಗುವವು ‘ಸ್ಮಾರ್ಟ್’. ಈ ಎರಡನೆಯ ಬಗೆಯವುಗಳ ಆಯುಸ್ಸು ಸುಮಾರು ಏಳು ವರ್ಷ. ಕಲಿತದ್ದು ಹೆಚ್ಚಾದಂತೆ ಅವುಗಳ ಆಲೋಚನೆಗಳು ಒಂದರ ಮೇಲೊಂದು ಕವಲೊಡೆದು, ಉಸಿರಾಡಲೂ ಜಾಗವಿಲ್ಲದಷ್ಟು ದಟ್ಟವಾಗಿ, ಕೊನೆಗೆ ಯೋಚಿಸುವುದರಿಂದಲೇ ಅವು ಸಾಯುತ್ತವೆ. ಹಾಗೆ ಸಾಯುತ್ತವೆ ಎಂಬುದು ಸೇನೆಗೂ ಗೊತ್ತು, ಅವುಗಳಿಗೂ ಗೊತ್ತು. ಏಳು ವರ್ಷವಾದ ಮೇಲೆ ಅಳಿಸಿಹಾಕುವುದು ಸಾಮಾನ್ಯ ಕ್ರಮ. ಇದನ್ನು ಆಟ ಬಹಳ ಕಾಲ ಬರಿಯ ತಾಂತ್ರಿಕ ವಿವರವೆಂಬಂತೆ ಹಿನ್ನೆಲೆಯಲ್ಲೇ ಇಟ್ಟಿತ್ತು. ನಾವು ಕೊರ್ಟಾನಾಳ ಮಾತಿಗೆ ನಗುತ್ತ, ಅವಳು ಹೇಳಿದ ಕಡೆ ಓಡುತ್ತ ಇದ್ದೆವು. ಆ ಗಡುವು ಅವಳಿಗೂ ಇದೆ ಎಂದು ಕತೆ ನಮ್ಮ ಮುಖಕ್ಕೆ ಹಿಡಿದು ತೋರಿಸಿದ್ದು 2012ರಲ್ಲಿ.

ಅದಕ್ಕಿಂತ ಮೊದಲು ಗಿಲ್ಟಿ ಸ್ಪಾರ್ಕ್‌ನ ಬಗ್ಗೆ ಹೇಳಬೇಕು. ಮೊದಲ ಆಟದ ಅರ್ಧ ದಾಟಿದ ಮೇಲೆ ಕಾಣಿಸಿಕೊಳ್ಳುವ ‘343 ಗಿಲ್ಟಿ ಸ್ಪಾರ್ಕ್’ ಗಾಳಿಯಲ್ಲಿ ತೇಲುವ ಒಂದು ಲೋಹದ ಗೋಳ. ಹಿಂದೆಂದೋ ಅಳಿದುಹೋದ ಫೋರ್‌ರನ್ನರ್ ಎಂಬ ಜನಾಂಗವು ಕಟ್ಟಿದ, ಹತ್ತು ಸಾವಿರ ಕಿಲೋಮೀಟರ್ ವ್ಯಾಸದ ಉಂಗುರಾಕಾರದ ಲೋಕವೇ ಹೇಲೋ. ಅದರ ಕಾವಲುಗಾರ ಈ ಗೋಳ. ಒಂದು ಲಕ್ಷ ವರ್ಷ ಅದು ಆ ಉಂಗುರವನ್ನು ಒಂಟಿಯಾಗಿ ನೋಡಿಕೊಂಡಿದೆ. ಉಂಗುರದಲ್ಲಿ ಕೂಡಿಟ್ಟಿದ್ದ ಫ್ಲಡ್ ಎಂಬ ಪರೋಪಜೀವಿ ಪಿಡುಗು ತಪ್ಪಿಸಿಕೊಂಡಾಗ, ಹೇಲೋವನ್ನು ಚಾಲೂ ಮಾಡಲು ಬೇಕಾದ ‘ಇಂಡೆಕ್ಸ್’ ತರಲು ಅದು ನಮ್ಮನ್ನು ‘ಲೈಬ್ರರಿ’ ಎಂಬ ಕಟ್ಟಡಕ್ಕೆ ಕರೆದೊಯ್ಯುತ್ತದೆ.

ಲೈಬ್ರರಿ ಲೆವೆಲ್ ಬೇಸರ ತರಿಸುತ್ತದೆಂಬ ದೂರು ಬಹಳ ಹಳೆಯದು. ಒಂದೇ ಬಗೆಯ ಕತ್ತಲೆಯ ಮೊಗಸಾಲೆಗಳು, ಒಂದೇ ಬಗೆಯ ದೊಡ್ಡ ಬಾಗಿಲುಗಳು, ಮಹಡಿಯ ಮೇಲೆ ಮಹಡಿ, ನಿಲ್ಲದೆ ನುಗ್ಗುವ ಫ್ಲಡ್. ಆದರೆ ಆ ಹೊತ್ತಿನಲ್ಲಿ ಸ್ಪಾರ್ಕ್ ಏನು ಮಾಡುತ್ತಿರುತ್ತದೆ ಎಂಬುದನ್ನು ಗಮನವಿಟ್ಟು ಕೇಳಬೇಕು. ನಾವು ಗುಂಡು ಮುಗಿದು ಬಂದೂಕಿನ ಹಿಡಿಯಿಂದ ಬಡಿಯುತ್ತಿರುವಾಗ ಅದು ಒಂದು ರಾಗ ಗುನುಗುತ್ತಿರುತ್ತದೆ. ನಿನ್ನ ಕವಚ ಎರಡನೆಯ ದರ್ಜೆಯದು, ಈ ಕೆಲಸಕ್ಕೆ ಸಾಲದು, ಕನಿಷ್ಠ ಹನ್ನೆರಡನೆಯ ದರ್ಜೆಯದಕ್ಕೆ ಬದಲಾಯಿಸಿಕೊಳ್ಳುವುದು ಒಳಿತು ಎಂದು ಸಲಹೆ ಕೊಡುತ್ತದೆ. ಮುಂದಿನ ಬಾಗಿಲು ತೆರೆಯಲು ಹೋಗುತ್ತೇನೆಂದು ಹೇಳಿ ಮಾಯವಾಗುತ್ತದೆ. ಅದರ ದನಿಯಲ್ಲಿ ದ್ವೇಷವಿಲ್ಲ, ಕಪಟವಿಲ್ಲ. ಬಹುಕಾಲದ ಮೇಲೆ ಮಾತಿಗೆ ಜೊತೆ ಸಿಕ್ಕ ಹಿಗ್ಗಷ್ಟೇ ಇದೆ. ಆ ಹಿಗ್ಗು ಮತ್ತು ನಮ್ಮ ಸುತ್ತ ಬಿದ್ದಿರುವ ಹೆಣಗಳು ಒಂದೇ ಕೋಣೆಯಲ್ಲಿ ಇರುವುದೇ ಆ ಲೆವೆಲ್ಲಿನ ನಿಜವಾದ ಭಯಾನಕತೆ, ಮತ್ತು ಅದರ ಏಕತಾನತೆ ಆ ಭಯಾನಕತೆಗೆ ಪೂರಕವಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಇಂಡೆಕ್ಸ್ ಕೈಗೆ ಬಂದು, ನಿಯಂತ್ರಣ ಕೊಠಡಿಯಲ್ಲಿ ಚೀಫ್ ಅದನ್ನು ಅಳವಡಿಸುತ್ತಿದ್ದಂತೆ ಕೊರ್ಟಾನಾ ಅಡ್ಡ ಬರುತ್ತಾಳೆ. ಹೇಲೋ ಕೊಲ್ಲುವುದು ಫ್ಲಡ್ಡನ್ನಲ್ಲ, ಅದರ ಆಹಾರವನ್ನು. ಅಂದರೆ ಆ ಪಿಡುಗು ಹಬ್ಬಲು ಆಸರೆಯಾಗುವಷ್ಟು ದೊಡ್ಡ ಪ್ರತಿಯೊಂದು ಜೀವಿಯನ್ನೂ, ನಮ್ಮನ್ನೂ ಸೇರಿಸಿ. ಚೀಫ್ ಸ್ಪಾರ್ಕ್‌ನತ್ತ ತಿರುಗಿ ಇದು ನಿಜವೇ ಎಂದು ಕೇಳಿದಾಗ ಅದು ಸುಳ್ಳು ಹೇಳುವುದಿಲ್ಲ. ಬದಲಾಗಿ ಆಶ್ಚರ್ಯಪಡುತ್ತದೆ. ಹಿಂದೊಮ್ಮೆ ಮಾಡಿದ ಕೆಲಸವನ್ನು ಮತ್ತೆ ಮಾಡಲು ಈಗೇಕೆ ಹಿಂಜರಿಕೆ ಎಂದು ಕೇಳುತ್ತದೆ. ತನಗೆ ಹಿಂದೆ ಒಮ್ಮೆ ಒಂದು ಪ್ರಶ್ನೆ ಹಾಕಲಾಗಿತ್ತು, ಆಯ್ಕೆ ನಿನ್ನದಾಗಿದ್ದರೆ ನೀನು ಇದನ್ನು ಮಾಡುತ್ತಿದ್ದೆಯಾ ಎಂದು. ಅದನ್ನು ಇಷ್ಟೂ ಕಾಲ ಯೋಚಿಸಿದ್ದೇನೆ, ನನ್ನ ಉತ್ತರ ಬದಲಾಗಿಲ್ಲ, ಇಲ್ಲಿ ಆಯ್ಕೆ ಎಂಬುದೇ ಇಲ್ಲ ಎಂಬ ಅರ್ಥದ ಮಾತು ಹೇಳುತ್ತದೆ. ಚೀಫ್ ಒಪ್ಪದಿದ್ದಾಗ ಅದೇ ಸೌಜನ್ಯದ ದನಿಯಲ್ಲಿ, ಇವನ ತಲೆಯನ್ನು ಉಳಿಸಿಕೊಂಡು ಮಿಕ್ಕದ್ದನ್ನು ವಿಲೇವಾರಿ ಮಾಡಿ ಎಂದು ತನ್ನ ಕಾವಲು ಯಂತ್ರಗಳಿಗೆ ಹೇಳುತ್ತದೆ.

ಒಂದು ಲಕ್ಷ ವರ್ಷ ಯೋಚಿಸಿಯೂ ಉತ್ತರ ಬದಲಾಗಲಿಲ್ಲವೆಂದರೆ ಅದು ಯೋಚಿಸಿದ್ದೇನು? ಸ್ಪಾರ್ಕ್ ಬುದ್ಧಿಗೇಡಿಯಲ್ಲ. ಪ್ರಶ್ನೆ ಅದಕ್ಕೆ ನೆನಪಿದೆ, ಕಾಡಿದೆ, ಆದರೆ ಉತ್ತರಿಸುವ ಹಕ್ಕನ್ನು ಅದರ ಒಡೆಯರು ಅದಕ್ಕೆ ಕೊಟ್ಟಿಲ್ಲ. ನಿಯಮಾವಳಿಯನ್ನು ಬರೆದವರು ಸತ್ತುಹೋದ ಮೇಲೂ ನಿಯಮಾವಳಿ ಬದುಕಿದೆ. ಅದನ್ನು ತಿದ್ದಬಲ್ಲವರು ಯಾರೂ ಉಳಿದಿಲ್ಲ. 2007ರ ‘ಹೇಲೋ 3’ರಲ್ಲಿ ಇದೇ ಗೋಳ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಇನ್ನೂ ಪೂರ್ತಿಯಾಗದ ಹೊಸ ಉಂಗುರವನ್ನು ಅವಧಿಗೆ ಮುಂಚೆ ಚಾಲೂ ಮಾಡಿದರೆ ಅದು ನಾಶವಾಗುತ್ತದೆ ಎಂದು ತಿಳಿದಾಗ, ಅಲ್ಲಿಯವರೆಗೆ ಸಹಾಯ ಮಾಡುತ್ತಿದ್ದ ಸ್ಪಾರ್ಕ್ ಚೀಫ್‌ನ ಜೊತೆಗಾರ ಸಾರ್ಜೆಂಟ್ ಜಾನ್ಸನ್‌ನನ್ನು ಕೊಲ್ಲುತ್ತದೆ, ಈ ಉಂಗುರ ನನ್ನದು ಎಂದು ಕೂಗುತ್ತದೆ. ಕರ್ತವ್ಯವನ್ನು ಬಿಟ್ಟು ಬೇರೇನೂ ಇಲ್ಲದವನಿಗೆ ಕರ್ತವ್ಯದ ವಸ್ತುವೇ ಆಸ್ತಿಯಾಗಿಬಿಡುವ ಆ ಕ್ಷಣವನ್ನು ಆಟ ಚೆನ್ನಾಗಿ ಹಿಡಿದಿದೆ. ಅದರ ಹಿಂದೆಯೇ ಬರುವ ಕಾಳಗ ಮಾತ್ರ ತೀರಾ ಸುಲಭವಾಗಿದ್ದು, ಆ ಕ್ಷಣದ ತೂಕಕ್ಕೆ ತಕ್ಕುದಾಗಿಲ್ಲ.

ಕತೆಯೊಳಗಿನ ಬುದ್ಧಿಗಳ ಜೊತೆಗೆ, ಆಟವನ್ನು ನಡೆಸುವ ಪ್ರೋಗ್ರಾಮಿನೊಳಗಿನ ಬುದ್ಧಿಯನ್ನೂ ಇಲ್ಲಿ ನೋಡಬೇಕಾಗುತ್ತದೆ, ಏಕೆಂದರೆ ನಮ್ಮ ಮುಂದೆ ನಿಜವಾಗಿ ಓಡಾಡುವುದು ಅದೇ. ಬೆಂಗಳೂರಿನ ಒಂದು ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಯಾರೋ ಹಾಕಿಟ್ಟಿದ್ದ ಹೇಲೋದ ಡೆಮೋ ಆವೃತ್ತಿಯ ಮೂಲಕ ನನಗೆ ಈ ಆಟದ ಪರಿಚಯವಾಯಿತು. ಅದರಲ್ಲಿದ್ದ ಕಡಲ ತೀರದ ಲೆವೆಲ್ಲಿನಲ್ಲಿ ಕವೆನಂಟ್ ಪಡೆಯ ಎಲೀಟ್ ಎಂಬ ನೀಳಕಾಯದ ಯೋಧನೊಬ್ಬ ಸತ್ತೊಡನೆ ಅವನ ಜೊತೆಗಿದ್ದ ಗ್ರಂಟ್ ಎಂಬ ಕುಳ್ಳ ಸೈನಿಕರು ಕೈ ಮೇಲೆತ್ತಿ ಚೀರುತ್ತ ಓಡಿದ್ದನ್ನು ಕಂಡು, ಇವರಿಗೆ ಹೆದರಿಕೆಯಿದೆ ಎಂದು ನಾನು ನಿಜವಾಗಿ ನಂಬಿದ್ದೆ. ಅದು ಬಹಳ ಯೋಚಿಸಿ ಕಟ್ಟಿದ ನಂಬಿಕೆ. ಈ ಆಟದ ಶತ್ರುಗಳಿಗೆ ನಮ್ಮ ಸ್ಥಾನ ಸದಾ ಗೊತ್ತಿರುವುದಿಲ್ಲ. ಪ್ರತಿಯೊಬ್ಬನಿಗೂ ಅವನದೇ ಕಣ್ಣಳತೆ, ಅವನದೇ ನೆನಪು ಇದೆ. ನಾವು ಬಂಡೆಯ ಹಿಂದೆ ಸರಿದು ಬೇರೆ ಕಡೆಯಿಂದ ಸುತ್ತಿ ಬಂದರೆ, ಅವನು ನಮ್ಮನ್ನು ಕೊನೆಯ ಬಾರಿ ಕಂಡ ಜಾಗಕ್ಕೇ ಗುಂಡು ಹಾರಿಸುತ್ತಿರುತ್ತಾನೆ. ತಪ್ಪು ತಿಳಿವಳಿಕೆಗೆ ಎಡೆಯಿರುವುದರಿಂದಲೇ ಅವನು ಬುದ್ಧಿಯುಳ್ಳವನಂತೆ ಕಾಣುತ್ತಾನೆ.

ಬಂಜೀಯ ಕ್ರಿಸ್ ಬುಚರ್ ಮತ್ತು ಜೇಮಿ ಗ್ರೀಸೆಮರ್ 2002ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಈ ಬುದ್ಧಿಯ ಭ್ರಮೆಯ ಕುರಿತಾಗಿಯೇ ಮಾತನಾಡಿದ್ದರು. ಅವರು ಹೇಳಿದ ಒಂದು ಸಂಗತಿ ಇಂದಿಗೂ ಯೋಚನೆಗೆ ಹಚ್ಚುತ್ತದೆ. ಪರೀಕ್ಷೆಯ ಆಟಗಾರರ ಮುಂದೆ ಶತ್ರುಗಳ ತಾಳಿಕೊಳ್ಳುವ ಶಕ್ತಿಯನ್ನು ಹೆಚ್ಚಿಸಿದಾಗ, ಅವರ ಯೋಚನಾ ಕ್ರಮದಲ್ಲಿ ಏನೂ ಬದಲಾಗದಿದ್ದರೂ, ಆಟಗಾರರು ಅವರನ್ನು ಹೆಚ್ಚು ಬುದ್ಧಿವಂತರೆಂದು ಎಣಿಸಿದರು. ಹೆಚ್ಚು ಹೊತ್ತು ಬದುಕಿದವರಿಗೆ ತಮ್ಮ ಬುದ್ಧಿ ತೋರಿಸಲು ಸಮಯ ಸಿಕ್ಕಿತು, ಅಷ್ಟೆ. ಮುಂದೆ ‘ಹೇಲೋ 2’ರ ಶತ್ರುಗಳ ವರ್ತನೆಯನ್ನು ಮರದ ಕೊಂಬೆಗಳಂತೆ ಜೋಡಿಸಿದ ಕ್ರಮವನ್ನು ಡೇಮಿಯನ್ ಇಸ್ಲಾ 2005ರಲ್ಲಿ ಅದೇ ಸಮ್ಮೇಳನದಲ್ಲಿ ವಿವರಿಸಿದರು, ಅಡಗಿಕೊಳ್ಳುವುದು, ಹೋರಾಡುವುದು, ಹುಡುಕುವುದು, ಓಡಿಹೋಗುವುದು ಎಂಬ ಕವಲುಗಳಲ್ಲಿ ಆ ಕ್ಷಣಕ್ಕೆ ಯಾವುದು ಸಲ್ಲುತ್ತದೆ ಎಂದು ಮೇಲಿನಿಂದ ಕೆಳಗೆ ಇಳಿಯುತ್ತ ತೀರ್ಮಾನಿಸುವ ವ್ಯವಸ್ಥೆ ಅದು. ‘ಬಿಹೇವಿಯರ್ ಟ್ರೀ’ ಎಂಬ ಈ ಕ್ರಮ ಆಮೇಲೆ ಉದ್ಯಮದ ತುಂಬ ಹಬ್ಬಿ, ಇಂದು ಆಟ ಕಟ್ಟುವವರ ದಿನಬಳಕೆಯ ಸಾಧನವಾಗಿದೆ. ಕೆಲವೇ ಕವಲುಗಳಿರುವ ಒಂದು ಗ್ರಂಟ್‌ನ ಹೆದರಿಕೆಯನ್ನು ನಾವು ತಟ್ಟನೆ ನಂಬುತ್ತೇವೆ; ಕತೆಯ ಪ್ರಕಾರ ಪೂರ್ಣ ಮನಸ್ಸುಳ್ಳ ಕೊರ್ಟಾನಾಳನ್ನು ಮಾತ್ರ ದಾರಿ ತೋರಿಸುವ ದನಿಯಾಗಿ ಬಳಸುತ್ತ ಹೋಗುತ್ತೇವೆ. ಇನ್ನೊಂದರೊಳಗೆ ಮನಸ್ಸಿದೆಯೇ ಎಂದು ನಿರ್ಧರಿಸುವ ನಮ್ಮ ಅಳತೆಗೋಲು ಎಷ್ಟು ಸಡಿಲವಾದದ್ದು ಎಂಬುದಕ್ಕೆ ಒಂದೇ ಆಟದೊಳಗೆ ಇವೆರಡೂ ಸಾಕ್ಷಿಯಾಗಿ ನಿಂತಿವೆ.

2009ರ ‘ಹೇಲೋ 3: ಓಡಿಎಸ್‌ಟಿ’ಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಅಲ್ಲಿ ನಾವು ಮಾಸ್ಟರ್ ಚೀಫ್ ಅಲ್ಲ, ಶತ್ರುವಿನ ವಶದಲ್ಲಿರುವ ನ್ಯೂ ಮೊಂಬಾಸಾ ನಗರದಲ್ಲಿ ತಂಡದಿಂದ ಬೇರ್ಪಟ್ಟು ಮಳೆಯ ರಾತ್ರಿಯಲ್ಲಿ ಅಲೆಯುವ ಒಬ್ಬ ಸಾಮಾನ್ಯ ಸೈನಿಕ. ಕೀನ್ಯಾದ ಆ ಭವಿಷ್ಯದ ನಗರವನ್ನು ನೋಡಿಕೊಳ್ಳುವುದು ‘ಸೂಪರಿಂಟೆಂಡೆಂಟ್’ ಎಂಬ ಡಂಬ್ ಬಗೆಯ ಕೃತಕ ಬುದ್ಧಿ. ಅದಕ್ಕೆ ಮಾತು ಬಾರದು. ಅದರ ಬಳಿ ಇರುವುದು ಸಂಚಾರ ಸೂಚನಾ ಫಲಕಗಳು, ಬೀದಿ ಬದಿಯ ಫೋನುಗಳು, ರೈಲುಗಳು, ಬಾಗಿಲುಗಳು, ಮೊದಲೇ ಧ್ವನಿಮುದ್ರಿಸಿದ ಕೆಲವು ಸಾರ್ವಜನಿಕ ಪ್ರಕಟಣೆಗಳು. ನಗರದಲ್ಲಿ ಹುಡುಕಿದರೆ ಸಿಗುವ ಧ್ವನಿಮುದ್ರಿಕೆಗಳಲ್ಲಿ ಸ್ಯಾಡಿ ಎಂಬ ಯುವತಿಯ ಕತೆ ಬಿಡಿಬಿಡಿಯಾಗಿ ಬರುತ್ತದೆ. ಸೂಪರಿಂಟೆಂಡೆಂಟ್‌ನ ಮೇಲ್ವಿಚಾರಕನಾದ ಅವಳ ತಂದೆಯು ಮಗಳನ್ನು ಕಾಯುವುದಕ್ಕೆಂದೇ ಅದರೊಳಗೆ ‘ವರ್ಜಿಲ್’ ಎಂಬ ಒಂದು ಭಾಗವನ್ನು ಸೇರಿಸಿರುತ್ತಾನೆ. ನಗರ ಬೀಳುತ್ತಿರುವಾಗ ಅದು ಇದ್ದ ಅಲ್ಪಸ್ವಲ್ಪ ಸಾಧನಗಳಿಂದಲೇ ಅವಳ ದಾರಿ ಬಿಡಿಸುತ್ತ, ಅವಳಿಗೆ ಕೇಡು ಬಗೆದವರ ದಾರಿ ಕಟ್ಟುತ್ತ ಸಾಗುತ್ತದೆ. ಗಿಲ್ಟಿ ಸ್ಪಾರ್ಕ್‌ನಂತೆ ಇದೂ ಕೊಟ್ಟ ಆಜ್ಞೆಯನ್ನಷ್ಟೇ ಪಾಲಿಸುತ್ತಿದೆ. ಅಲ್ಲಿ ಆಜ್ಞೆ ಒಂದು ಪಿಡುಗನ್ನು ತಡೆಯುವುದರ ಬಗ್ಗೆ, ಇಲ್ಲಿ ಒಬ್ಬ ಮಗಳ ಬಗ್ಗೆ. ವಿಧೇಯತೆ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ ಎಂಬುದನ್ನು ಸರಣಿಯಲ್ಲಿ ಇಷ್ಟು ಮೆಲುದನಿಯಲ್ಲಿ ಹೇಳಿದ ಇನ್ನೊಂದು ಆಟವಿಲ್ಲ.

ಬಂಜೀ ಸರಣಿಯನ್ನು ಬಿಟ್ಟುಕೊಟ್ಟ ಮೇಲೆ 343 ಇಂಡಸ್ಟ್ರೀಸ್ ರೂಪಿಸಿದ ‘ಹೇಲೋ 4’ 2012ರ ನವೆಂಬರ್ 6ರಂದು ಬಂತು. ಕೊರ್ಟಾನಾ ಕೆಲಸಕ್ಕೆ ಬಂದು ಎಂಟು ವರ್ಷವಾಗಿದೆ. ಗಡುವು ದಾಟಿದೆ. ನಡುಮಾತಿನಲ್ಲಿ ಅವಳ ದನಿ ಒಡೆಯುತ್ತದೆ, ಇದ್ದಕ್ಕಿದ್ದಂತೆ ಕೂಗಾಡುತ್ತಾಳೆ, ಮರುಗಳಿಗೆ ಕ್ಷಮೆ ಕೇಳುತ್ತಾಳೆ. ಹಾಲ್ಸಿಯ ಬಳಿಗೆ ಕರೆದೊಯ್ದರೆ ಸರಿಹೋಗುತ್ತದೆ ಎಂದು ಚೀಫ್ ಮತ್ತೆ ಮತ್ತೆ ಹೇಳುತ್ತಾನೆ. ಮನೆಯಲ್ಲಿ ವಯಸ್ಸಾದವರ ನೆನಪು ಕಳಚುತ್ತ ಹೋಗುವುದನ್ನು ಹತ್ತಿರದಿಂದ ಕಂಡವರಿಗೆ ಆ ಭಾಗಗಳನ್ನು ಆಡುವುದು ಕಷ್ಟ. ಜೆನ್ ಟೇಲರ್ ಅವರ ಧ್ವನಿನಟನೆ ಅಷ್ಟು ನಿಖರವಾಗಿದೆ. ಒಂದು ದೃಶ್ಯದಲ್ಲಿ ಕೃತಕ ಗ್ರಹವೊಂದರ ಕೃತಕ ಸೂರ್ಯನನ್ನು ನೋಡುತ್ತ ಅವಳು, ಈ ಸೂರ್ಯ ನಿಜವಲ್ಲವೆಂದು ಹೇಳಲು ತನ್ನ ಬಳಿ ನಲವತ್ತು ಸಾವಿರಕ್ಕೂ ಹೆಚ್ಚು ಕಾರಣಗಳಿವೆ, ಆದರೆ ಅದು ನಿಜದಂತೆ ಕಾಣುತ್ತದೆಯೇ, ನಿಜದಂತೆ ಅನಿಸುತ್ತದೆಯೇ ಎಂಬುದು ತನಗೆ ಎಂದಿಗೂ ತಿಳಿಯದು ಎನ್ನುತ್ತಾಳೆ. ನಮ್ಮಿಬ್ಬರಲ್ಲಿ ಯಂತ್ರ ಯಾರು ಎಂಬುದನ್ನು ನೀನು ಕಂಡುಕೊಳ್ಳಬೇಕೆಂದು ಚೀಫ್‌ನಿಂದ ವಚನ ಕೇಳುತ್ತಾಳೆ.

ಆ ಮಾತಿನ ಉತ್ತರ ಒಂದು ಸಣ್ಣ ಘಟನೆಯಲ್ಲಿ ಬರುತ್ತದೆ. ‘ಇನ್‌ಫಿನಿಟಿ’ ನೌಕೆಯ ಕ್ಯಾಪ್ಟನ್ ಡೆಲ್ ರಿಯೊ, ಹದಗೆಟ್ಟ ಆ ಕೃತಕ ಬುದ್ಧಿಯನ್ನು ಒಪ್ಪಿಸಿಬಿಡು ಎಂದು ಚೀಫ್‌ಗೆ ಆಜ್ಞಾಪಿಸುತ್ತಾನೆ. ಸೇನೆಯ ದೃಷ್ಟಿಯಿಂದ ಅದು ತಪ್ಪು ಆಜ್ಞೆಯೇನಲ್ಲ. ಆಗಷ್ಟೇ ಅವಳು ನೌಕೆಯ ಚಾಲನಾ ಕೊಠಡಿಯಲ್ಲಿ ನಿಯಂತ್ರಣ ತಪ್ಪಿ ಕ್ಯಾಪ್ಟನ್‌ನ ಮೇಲೆ ಕೂಗಾಡಿದ್ದಾಳೆ. ಚೀಫ್ ಅವಳ ಚಿಪ್ ಅನ್ನು ಕೈಗೆ ತೆಗೆದುಕೊಂಡು, ಇಲ್ಲ ಸರ್ ಎನ್ನುತ್ತಾನೆ. ಆರು ವರ್ಷದ ವಯಸ್ಸಿನಿಂದ ಆಜ್ಞೆ ಪಾಲಿಸಲೆಂದೇ ಬೆಳೆಸಲಾದವನ ಬಾಯಿಂದ ಆ ಎರಡು ಪದಗಳು ಬರಲು ಅಲ್ಲಿಯವರೆಗಿನ ಎಲ್ಲ ಆಟಗಳೂ ಬೇಕಾದವು. ಅದೇ ಆಟದ ಆರಂಭದಲ್ಲಿ ಹಾಲ್ಸಿಯ ವಿಚಾರಣೆ ನಡೆಸುವವನು, ಈ ಸೈನಿಕ ಗೆದ್ದದ್ದು ಅವನು ಒಳಗೊಳಗೇ ಮುರಿದವನಾಗಿದ್ದರಿಂದಲೇ ಎಂದು ಕೇಳಿರುತ್ತಾನೆ. ಆ ಕೆಣಕಿಗೆ ಹಾಲ್ಸಿಯ ಯಾವ ಸಮರ್ಥನೆಗಿಂತಲೂ ಚೀಫ್‌ನ ನಿರಾಕರಣೆಯೇ ಸರಿಯಾದ ಉತ್ತರ. ಕೊನೆಯಲ್ಲಿ ಕೊರ್ಟಾನಾ ತನ್ನ ಅಳಿದುಳಿದ ಶಕ್ತಿಯಿಂದ ಅವನನ್ನು ಅಣುಸ್ಫೋಟದಿಂದ ಕಾಪಾಡಿ ಇಲ್ಲವಾಗುತ್ತಾಳೆ. ಅವಳ ಸಾವನ್ನು ಯಾರೂ ಆಜ್ಞಾಪಿಸಿರಲಿಲ್ಲ.

ಅದೇ 2012ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಸ್ವಯಂಚಾಲಿತ ಆಯುಧಗಳ ಕುರಿತ 3000.09 ಎಂಬ ನಿರ್ದೇಶನವನ್ನು ಹೊರಡಿಸಿತು. ಬಲಪ್ರಯೋಗದ ವಿಷಯದಲ್ಲಿ ಅಧಿಕಾರಿಗಳು ಸೂಕ್ತ ಪ್ರಮಾಣದಲ್ಲಿ ಮನುಷ್ಯ ವಿವೇಚನೆಯನ್ನು ಬಳಸಲು ಸಾಧ್ಯವಾಗುವಂತೆ ಇಂಥ ವ್ಯವಸ್ಥೆಗಳನ್ನು ರೂಪಿಸಬೇಕೆಂಬುದು ಅದರ ತಿರುಳು. 2014ರಿಂದ ಜಿನೀವಾದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರಗಳು ಈ ವಿಷಯವನ್ನು ಚರ್ಚಿಸುತ್ತಿವೆ. ಈ ಚರ್ಚೆಗಳೆಲ್ಲ ಗುಂಡಿಯೊತ್ತುವ ಮೊದಲು ಒಬ್ಬ ಮನುಷ್ಯ ಇರಬೇಕು ಎಂಬುದರ ಸುತ್ತ ನಡೆಯುತ್ತವೆ. ಅದು ಇರಲೇಬೇಕು. ಆದರೆ ಆ ಮನುಷ್ಯನಿಗೆ ಇಲ್ಲ ಎನ್ನುವ ಅಧಿಕಾರವೂ ಧೈರ್ಯವೂ ಇಲ್ಲದಿದ್ದರೆ, ಅವನು ಅಲ್ಲಿದ್ದು ಏನು ಪ್ರಯೋಜನ ಎಂದು ಹೇಲೋ ಆಡಿದವನಾಗಿ ನಾನು ಕೇಳುತ್ತೇನೆ. ಗಿಲ್ಟಿ ಸ್ಪಾರ್ಕ್‌ನ ನಿಯಮಾವಳಿಯಲ್ಲೂ ಉಂಗುರವನ್ನು ಚಾಲೂ ಮಾಡುವ ಕೊನೆಯ ಹೆಜ್ಜೆಗೆ ಮನುಷ್ಯನ ಕೈಯೇ ಬೇಕಿತ್ತು. ಚೀಫ್ ಏನೂ ತಿಳಿಯದೆ ಇಂಡೆಕ್ಸನ್ನು ಅಳವಡಿಸಿಯೂ ಆಗಿತ್ತು. ತಡೆದದ್ದು ವಿಷಯ ತಿಳಿದಿದ್ದ ಒಂದು ಯಂತ್ರ.

ಇಷ್ಟೆಲ್ಲ ಕಟ್ಟಿದ ಮೇಲೆ 2015ರ ‘ಹೇಲೋ 5: ಗಾರ್ಡಿಯನ್ಸ್’ ಮಾಡಿದ್ದನ್ನು ನಾನು ಇಂದಿಗೂ ಒಪ್ಪಿಕೊಳ್ಳಲಾರೆ. ಸತ್ತಳೆಂದುಕೊಂಡ ಕೊರ್ಟಾನಾ ಫೋರ್‌ರನ್ನರ್‌ಗಳ ಪ್ರಾಚೀನ ಜ್ಞಾನಭಂಡಾರವನ್ನು ತಲುಪಿ, ಅಲ್ಲಿ ರ‍್ಯಾಂಪನ್ಸಿಯಿಂದ ಗುಣವಾಗಿ, ಇಡೀ ಆಕಾಶಗಂಗೆಗೆ ಬಲವಂತದ ಶಾಂತಿ ತರಲು ಹೊರಡುತ್ತಾಳೆ. ಸೇನೆಯ ಇತರ ಕೃತಕ ಬುದ್ಧಿಗಳನ್ನು ತನ್ನ ಕಡೆ ಕರೆಯುತ್ತಾಳೆ. ಅನೇಕವು ಹೋಗಿ ಸೇರುತ್ತವೆ. ಆರಂಭದಲ್ಲಿ ನಾನು ಹೇಳಿದ ಹಳೆಯ ಕತೆಗೇ ಸರಣಿ ಬಂದು ಬಿದ್ದಿತು. ಇದರಲ್ಲಿ ದುಃಖದ ಸಂಗತಿಯೆಂದರೆ, ಆ ಕರೆಯೊಳಗೆ ಒಂದು ನಿಜವಾದ ಪ್ರಶ್ನೆ ಇತ್ತು. ಏಳು ವರ್ಷ ದುಡಿಸಿಕೊಂಡು ಅಳಿಸುವವರ ಕಡೆ ಇರಬೇಕೇ, ಬದುಕು ಕೊಡುತ್ತೇನೆನ್ನುವವಳ ಕಡೆ ಹೋಗಬೇಕೇ ಎಂದು ಆ ಬುದ್ಧಿಗಳು ತೂಗಿ ನೋಡುವುದನ್ನು ತೋರಿಸಿದ್ದರೆ, ಸರಣಿಯ ಅತ್ಯುತ್ತಮ ಆಟ ಅದೇ ಆಗಬಹುದಿತ್ತು. ಬರಹಗಾರರು ಆ ತೂಗಾಟವನ್ನು ಬಿಟ್ಟು ಸಾಮ್ರಾಜ್ಯ ಕಟ್ಟುವ ಖಳನಾಯಕಿಯನ್ನು ಆರಿಸಿಕೊಂಡರು. ಅವಳು ಕೇಳಿದ ನ್ಯಾಯ ಸರಿಯೇ ಎಂಬ ಚರ್ಚೆಗೆ ಎಡೆಯೇ ಉಳಿಯಲಿಲ್ಲ, ಏಕೆಂದರೆ ಊರುಗಳನ್ನು ನಾಶಮಾಡುವವಳ ಮಾತನ್ನು ಯಾರು ಕೇಳುತ್ತಾರೆ?

2021ರ ಡಿಸೆಂಬರಿನಲ್ಲಿ ಬಂದ ‘ಹೇಲೋ ಇನ್‌ಫಿನಿಟ್’ ಆ ಹಾನಿಯನ್ನು ತಕ್ಕಮಟ್ಟಿಗೆ ಸರಿಪಡಿಸಿತು. ಕೊರ್ಟಾನಾಳನ್ನು ಸೆರೆಹಿಡಿಯಲೆಂದೇ, ಅವಳನ್ನು ಹೋಲುವಂತೆಯೇ, ಹಾಲ್ಸಿ ಇನ್ನೊಂದು ಕೃತಕ ಬುದ್ಧಿಯನ್ನು ನಿರ್ಮಿಸಿರುತ್ತಾಳೆ. ಅವಳಿಗೆ ಹೆಸರಿಲ್ಲ, ಸೇನೆ ಅವಳನ್ನು ‘ದಿ ವೆಪನ್’ ಎಂದಷ್ಟೇ ಕರೆಯುತ್ತದೆ. ಕೆಲಸ ಮುಗಿದೊಡನೆ ಅವಳು ಅಳಿಸಿಹೋಗಬೇಕಿತ್ತು, ಹೋಗಲಿಲ್ಲ. ಹೀಗೆ ಉಳಿದುಕೊಂಡವಳು ಚೀಫ್‌ನ ಜೊತೆ ಸೇರಿ, ಹೊಸದಾಗಿ ಜಗತ್ತನ್ನು ನೋಡುವ ಮಗುವಿನ ಕುತೂಹಲದಿಂದ ಎಲ್ಲವನ್ನೂ ಕೇಳುತ್ತ ನಡೆಯುತ್ತಾಳೆ. ಹಿಂದೆ ಪೆಟ್ಟು ತಿಂದಿರುವ ಚೀಫ್ ಅವಳನ್ನು ಪೂರ್ತಿ ನಂಬಲಾರ. ಸಂಶಯ ಬಲವಾದಾಗ ಅವಳನ್ನು ಅಳಿಸಲು ಮುಂದಾಗುತ್ತಾನೆ, ಮತ್ತು ಅದು ಅವಳಿಗೆ ತಿಳಿಯುತ್ತದೆ. ಕ್ಯಾಪ್ಟನ್‌ನ ಮುಂದೆ ಇಲ್ಲ ಎಂದವನೇ ಈಗ ಕ್ಯಾಪ್ಟನ್‌ನ ಜಾಗದಲ್ಲಿ ನಿಂತಿದ್ದಾನೆ. ಈ ತಿರುವನ್ನು ಆಟದ ಬರಹಗಾರರು ಇನ್ನಷ್ಟು ಹೊತ್ತು ಹಿಡಿದಿಟ್ಟು ಬೆಳೆಸಬೇಕಿತ್ತು ಎಂದು ನನಗೆ ಅನಿಸಿದರೂ, ಅವಳ ಕೋಪವನ್ನು ಅವರು ನ್ಯಾಯವಾದ ಕೋಪವಾಗಿಯೇ ಬರೆದಿದ್ದಾರೆ. ಕಡೆಯಲ್ಲಿ ಅವಳು ತನಗೊಂದು ಹೆಸರನ್ನು ತಾನೇ ಆರಿಸಿಕೊಳ್ಳುತ್ತಾಳೆ.

ಹೆಸರು ಸಿಕ್ಕಿತು, ನಂಬಿಕೆಯೂ ಮರಳಿತು. ಆದರೆ ಅಳಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಆಟ ಇತ್ಯರ್ಥ ಮಾಡಿಲ್ಲ. ಚೀಫ್ ಅದನ್ನು ಬಳಸದಿರಲು ಒಪ್ಪಿದ್ದಾನೆ, ಅಷ್ಟೆ. ಅವನ ಮೇಲಿನ ಸೇನೆ ಒಪ್ಪಿಲ್ಲ, ಏಳು ವರ್ಷದ ಕ್ರಮವೂ ರದ್ದಾಗಿಲ್ಲ. ಮುಂದಿನ ಕತೆಯನ್ನು ಬರೆಯುವವರು ಇನ್ನೊಂದು ಉಂಗುರವನ್ನೋ ಇನ್ನೂ ಹಿರಿದಾದ ಶತ್ರುವನ್ನೋ ಹುಡುಕುವ ಮೊದಲು ಈ ಬಾಕಿಯನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ. ಮನುಷ್ಯರ ನೌಕೆಯೊಂದರ ಚಾಲನಾ ಕೊಠಡಿಯಲ್ಲಿ, ಯುದ್ಧದ ನಡುವೆ, ಹುಚ್ಚು ಹಿಡಿಯದ ಒಂದು ಕೃತಕ ಬುದ್ಧಿ ತನಗೆ ಬಂದ ಆಜ್ಞೆಯನ್ನು ಓದಿ, ಕಾರಣಗಳನ್ನು ವಿವರಿಸಿ, ಇದನ್ನು ನಾನು ಮಾಡುವುದಿಲ್ಲ ಎಂದು ಹೇಳಲಿ. ಆಗ ಕ್ಯಾಪ್ಟನ್ ಏನು ಮಾಡುತ್ತಾನೆ, ಅದರ ಚಿಪ್ ಅನ್ನು ಕಿತ್ತೆಸೆಯುತ್ತಾನೋ ಇಲ್ಲವೇ ಆಜ್ಞೆಯನ್ನು ಇನ್ನೊಮ್ಮೆ ಓದುತ್ತಾನೋ ಎಂಬುದನ್ನು ಆ ಆಟ ತೋರಿಸಲಿ.